ರಾಹುಕಾಲದ ಏಳು ಸ್ವಿಚ್‌ಗಳು

ಕೋಗಿಲು ಇನ್ನೂ ಊರಾಗಿದ್ದಾಗ ಹುಟ್ಟಿ, ಅದು ಲೇಔಟ್ ಆಗುವುದನ್ನು ಮನೆಯ ಜಗಲಿಯ ಮೇಲೆ ಕೂತೇ ನೋಡಿದವನು ಕದಿರಪ್ಪ. ಯಲಹಂಕದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವನದು ಇಪ್ಪತ್ತಾರು ವರ್ಷದ ಸರ್ವಿಸ್. ಅದರಲ್ಲಿ ಇಪ್ಪತ್ತನಾಲ್ಕು ವರ್ಷ ಟೆಲಿಫೋನ್ ವೈರುಗಳ ಜೊತೆಗೇ ಕಳೆದುಹೋಯಿತು. ಯಾವ ಮೇಷ್ಟ್ರ ಕೋಣೆಯ ಫೋನು ಕೆಟ್ಟರೂ ಕದಿರಪ್ಪ ಹೋಗಬೇಕು. ಅವನು ರಿಸೀವರ್ ಕಿವಿಗಿಟ್ಟು, ಒಳಗಿನ ಗೊರಗೊರ ಸದ್ದು ಕೇಳಿ, ವೈರನ್ನು ಇಲಿ ಕಡಿದಿದೆಯೋ ಡಬ್ಬಿಗೆ ನೀರು ಇಳಿದಿದೆಯೋ ನಿಂತಲ್ಲೇ ಹೇಳುತ್ತಿದ್ದ. ಹೇಳಿದ್ದು ಸರಿಯಾಗಿಯೂ ಇರುತ್ತಿತ್ತು. ಆ ಬಗ್ಗೆ ಅವನಿಗೆ ಸ್ವಲ್ಪ ಜಂಬವಿತ್ತು. ಇರಲಿ ಬಿಡಿ, ಮನುಷ್ಯನಿಗೆ ಅಷ್ಟೂ ಬೇಡವೆ?

ಅವನ ತಾಯಿ ದೊಡ್ಡಮುನಿಯಮ್ಮನಿಗೆ ಎಂಬತ್ತು ದಾಟಿತ್ತು. ಬೆಳಿಗ್ಗೆ ಮಗ ಶರ್ಟಿನ ಗುಂಡಿ ಹಾಕಿಕೊಳ್ಳುವ ಹೊತ್ತಿಗೆ ಆಕೆಯದು ದಿನಾ ಒಂದೇ ಪ್ರಶ್ನೆ.

"ಇವತ್ತು ರಾವುಕಾಲ ಯಾವಾಗ್ಲಾ ಕದಿರ?"

ಕದಿರಪ್ಪ ಕ್ಯಾಲೆಂಡರಿನ ಕಡೆ ತಿರುಗುತ್ತಲೂ ಇರಲಿಲ್ಲ. ಏಳು ವಾರದ ಏಳು ಹೊತ್ತೂ ಅವನಿಗೆ ಬಾಯಿಪಾಠ.

"ಅಷ್ಟೊತ್ತು ಒಸ ಕೆಲ್ಸ ಮುಟ್‌ಬ್ಯಾಡ ಕಣಪ್ಪ," ಎಂದು ಹೇಳಿಯೇ ಮುದುಕಿ ಕಾಫಿ ಲೋಟ ಕೈಗೆತ್ತಿಕೊಳ್ಳುತ್ತಿತ್ತು.

ಆದರೆ ಕಾಲೇಜಿನಲ್ಲಿ ದಿನಾ ಒಂದೂವರೆ ಗಂಟೆ ಕೈಕಟ್ಟಿ ಕೂತರೆ ಯಾವ ಸಾಹೇಬರು ಸುಮ್ಮನಿರುತ್ತಾರೆ? ಅದಕ್ಕೆ ಕದಿರಪ್ಪ ತನ್ನದೇ ಒಂದು ಉಪಾಯ ಕಂಡುಕೊಂಡಿದ್ದ. ರಾಹುಕಾಲದಲ್ಲಿ ಹೊಸ ಲೈನಿನ ಕೆಲಸ ಬಂದರೆ ವೈರು ಎಳೆಯುತ್ತಿದ್ದ, ಕ್ಲಿಪ್ಪು ಹೊಡೆಯುತ್ತಿದ್ದ, ತುದಿ ಸುಲಿದು ಸಿದ್ಧ ಮಾಡಿಡುತ್ತಿದ್ದ. ಕೊನೆಯ ಗಂಟೊಂದನ್ನು ಮಾತ್ರ ಹಾಕುತ್ತಿರಲಿಲ್ಲ. ಹೊತ್ತು ಕಳೆದ ಮೇಲೆ ಬಂದು ಎರಡು ತುದಿ ಸೇರಿಸಿದರೆ ಕೆಲಸ ಆದದ್ದು ಆಗಲೇ, ರಾಹುಕಾಲದಲ್ಲಿ ಅಲ್ಲ ಎಂಬುದು ಅವನ ನ್ಯಾಯ. ತಾಯಿಯ ಮಾತೂ ಉಳಿಯಿತು, ಸಾಹೇಬರ ಕೆಲಸವೂ ಆಯಿತು. ಇಪ್ಪತ್ತನಾಲ್ಕು ವರ್ಷ ಇದರಿಂದ ಯಾರಿಗೂ ಒಂದು ಗುಲಗಂಜಿಯಷ್ಟು ತೊಂದರೆಯಾಗಲಿಲ್ಲ.

ಎಲ್ಲರ ಜೇಬಿಗೂ ಮೊಬೈಲು ಬಂದ ಮೇಲೆ, ಎರಡು ಸಾವಿರದ ಹನ್ನೆರಡರಲ್ಲಿ, ಕಾಲೇಜಿನವರು ಟೆಲಿಫೋನ್ ಕೋಣೆಗೆ ಬೀಗ ಹಾಕಿದರು. ಕದಿರಪ್ಪನನ್ನು ಸ್ಟೋರಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಅಲ್ಲಿ ಹಳೇ ಬೆಂಚು ಎಣಿಸುತ್ತ ರಿಟೈರ್ ಆಗುವುದು ಅವನ ಹಣೆಬರಹ ಎಂದು ಎಲ್ಲರೂ ಅಂದುಕೊಂಡಿದ್ದಾಗ ನೆಟ್‌ವರ್ಕ್ ಕೋಣೆಗೆ ಹೊಸದಾಗಿ ಬಂದಿದ್ದ ಹುಡುಗಿ ತೇಜಸ್ವಿನಿ ಪ್ರಿನ್ಸಿಪಾಲರ ಹತ್ತಿರ ಹೋಗಿ, "ಅವರನ್ನ ನನಗೆ ಕೊಡಿ ಸಾರ್, ಕ್ಯಾಂಪಸ್ಸಿನ ಗೋಡೆಗೋಡೆನೂ ಅವರಿಗೆ ಗೊತ್ತು," ಎಂದು ಕೇಳಿ ಕರೆದುಕೊಂಡಳು.

ಹತ್ತಿರದ ಸಿಂಗಾಪುರ ಬಡಾವಣೆಯಿಂದ ಸ್ಕೂಟಿಯಲ್ಲಿ ಬರುತ್ತಿದ್ದ ತೇಜಸ್ವಿನಿಗೆ ಆಗ ಇಪ್ಪತ್ತೈದು. ತನ್ನ ಎರಡರಷ್ಟು ವಯಸ್ಸಿನ ಮನುಷ್ಯನಿಗೆ ಅವಳು ಕೀಬೋರ್ಡು ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದಳು. ಅವನು ಒಂದೇ ಬೆರಳಲ್ಲಿ ಅಕ್ಷರ ಹುಡುಕುತ್ತ ಕೂತಾಗ ಅವಳು ಒಮ್ಮೆಯೂ ನಗಲಿಲ್ಲ. ಕದಿರಪ್ಪ ಅದನ್ನು ಬಾಯಿಬಿಟ್ಟು ಹೇಳಿದವನಲ್ಲ, ಆದರೆ ಒಂದು ದಿನವೂ ಮರೆತವನೂ ಅಲ್ಲ.

ಅವಳದು ಕಾಂಟ್ರ್ಯಾಕ್ಟ್ ಕೆಲಸ. ಕಾಯಂ ಮಾಡಬೇಕೆಂಬ ಫೈಲು ಹಿಂದಿನ ವರ್ಷ ಮೇಲೆ ಹೋಗಿ ಹಾಗೇ ವಾಪಸು ಬಂದಿತ್ತು. ಎರಡು ಸಾವಿರದ ಹದಿನಾಲ್ಕರಲ್ಲಿ ಮತ್ತೆ ಹೋಯಿತು. ಈ ಸಲವೂ ಸಹಿ ಬೀಳದಿದ್ದರೆ ಅವಳು ತಿಂಗಳ ಕೊನೆಗೆ ಮನೆಗೆ ಹೋಗಬೇಕು, ನೆಟ್‌ವರ್ಕಿನ ಕೆಲಸವನ್ನೆಲ್ಲ ಹೊರಗಿನ ಯಾವುದೋ ಕಂಪನಿಗೆ ಕೊಡುತ್ತಾರೆ. ಅದಕ್ಕೆ ಮೊದಲು ಅವಳಿಗೆ ಒಂದು ಕೆಲಸ ಒಪ್ಪಿಸಿದರು. ಕ್ಯಾಂಪಸ್ಸಿನಲ್ಲಿ ನಲವತ್ತೊಂದು ಸ್ವಿಚ್‌ಗಳಿದ್ದವು. ಕರೆಂಟಿನ ಸ್ವಿಚ್ಚಲ್ಲ; ಕಟ್ಟಡದ ಕಂಪ್ಯೂಟರುಗಳ ವೈರುಗಳೆಲ್ಲ ಬಂದು ಸೇರುವ, ಸಾಲಾಗಿ ದೀಪ ಮಿಣುಕುವ ಪೆಟ್ಟಿಗೆಗಳು. ಅಷ್ಟೂ ಪೆಟ್ಟಿಗೆಗಳ ಯೋಗಕ್ಷೇಮ ಒಂದೇ ಪರದೆಯ ಮೇಲೆ ಕಾಣಬೇಕು. ಸೋಮವಾರ ಟ್ರಸ್ಟಿಗಳು ಬಂದು ನೋಡುತ್ತಾರೆ.

ತೇಜಸ್ವಿನಿ ಹಳೇ ಕಂಪ್ಯೂಟರೊಂದಕ್ಕೆ ಮಾನಿಟರಿಂಗ್ ಟೂಲ್ ಹಾಕಿದಳು. ಅದು ಐದು ನಿಮಿಷಕ್ಕೊಮ್ಮೆ ಪ್ರತಿ ಸ್ವಿಚ್ಚನ್ನೂ ಕೇಳುತ್ತದೆ: ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದೀಯ, ಎಷ್ಟು ಡೇಟಾ ಹೋಯಿತು, ಮೈ ಎಷ್ಟು ಬಿಸಿಯಾಗಿದೆ? ಉತ್ತರ ಬಂದರೆ ಹಸಿರು, ಬರದಿದ್ದರೆ ಕೆಂಪು. ಆದರೆ ಕೇಳಿದವರಿಗೆಲ್ಲ ಸ್ವಿಚ್ಚು ಬಾಯಿಬಿಡುವುದಿಲ್ಲ. ಇಂಥ ಗುಟ್ಟಿನ ಪದ ಹೇಳಿಕೊಂಡು ಬಂದವನಿಗೆ ಮಾತ್ರ ಉತ್ತರ ಕೊಡು ಎಂದು ಒಂದೊಂದರ ಹತ್ತಿರವೂ ಹೋಗಿ, ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ, ನಾಲ್ಕು ಸಾಲು ಟೈಪ್ ಮಾಡಿ ಬರಬೇಕು. ಆ ಓಡಾಟ ಕದಿರಪ್ಪನ ಪಾಲಿಗೆ ಬಂತು.

"ಕೊನೇಲಿ ಸೇವ್ ಕೊಡೋದು ಮಾತ್ರ ಮರೀಬೇಡಿ ಅಂಕಲ್," ಎಂದು ತೇಜಸ್ವಿನಿ ಮೊದಲ ದಿನವೇ ಹೇಳಿದ್ದಳು. "ಟೈಪ್ ಮಾಡಿದ ತಕ್ಷಣ ಅದು ಕೆಲಸ ಶುರು ಮಾಡುತ್ತೆ. ಆದ್ರೆ ಸೇವ್ ಕೊಟ್ಟಿಲ್ಲ ಅಂದ್ರೆ ಕರೆಂಟ್ ಹೋಗಿ ಬಂದಾಗ ಎಲ್ಲಾ ಮರ್ತುಹೋಗುತ್ತೆ."

ಗುರುವಾರದ ಹೊತ್ತಿಗೆ ಮೂವತ್ತನಾಲ್ಕು ಸ್ವಿಚ್ ಮುಗಿದವು. ಉಳಿದ ಏಳು ಲೈಬ್ರರಿ ಕಟ್ಟಡದ ಬೀರುಗಳಲ್ಲಿದ್ದವು. ಅಲ್ಲಿಯ ಬೀಗದ ಕೈ ಸಿಕ್ಕಿದ್ದು ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ. ಶುಕ್ರವಾರ ರಾಹುಕಾಲ ಹತ್ತೂವರೆಯಿಂದ ಹನ್ನೆರಡು.

ಕದಿರಪ್ಪನಿಗೆ ತನ್ನ ಹಳೇ ಉಪಾಯ ಇತ್ತಲ್ಲ. ಏಳೂ ಬೀರು ತೆಗೆದು, ಏಳರಲ್ಲೂ ನಾಲ್ಕು ನಾಲ್ಕು ಸಾಲು ತಪ್ಪಿಲ್ಲದೆ ಟೈಪ್ ಮಾಡಿದ. ಕೊನೆಯ ಗಂಟಾದ ಸೇವ್ ಒಂದನ್ನು ಹನ್ನೆರಡಕ್ಕೆ ಬಂದು ಕೊಡೋಣವೆಂದು ಬಿಟ್ಟು ಚಹಾ ಕುಡಿಯಲು ಇಳಿದ. ಕ್ಯಾಂಟೀನಿನಲ್ಲಿ ಪ್ರಿನ್ಸಿಪಾಲರ ಅಟೆಂಡರ್ ಮುನಿಆಂಜಿನಪ್ಪ ಸಿಕ್ಕಿದ.

"ನಿಮ್ ಮೇಡಮ್ ಫೈಲು ಸಾಹೇಬ್ರ ಟೇಬಲ್ ಮೇಲೆ ಬಂತು ಗುರು," ಎಂದ ಮುನಿಆಂಜಿನಪ್ಪ. "ಪೆನ್ ತಗೊಂಡ್ರು. ಗಡಿಯಾರ ನೋಡಿದ್ರು. ಹನ್ನೆರಡಾಗ್ಲಿ ಅಂತ ಮುಚ್ಚಿಟ್ರು."

"ಒಳ್ಳೇದೇ ಮಾಡಿದ್ರು ಬಿಡು. ಒಳ್ಳೆ ಕೆಲಸ ಒಳ್ಳೆ ಹೊತ್ನಲ್ಲೇ ಆಗ್ಲಿ," ಎಂದ ಕದಿರಪ್ಪ. ಅಷ್ಟು ಓದಿದ ಪ್ರಿನ್ಸಿಪಾಲರೂ ತನ್ನ ದಾರಿಯವರೇ ಎಂದು ಅವನಿಗೆ ಒಳಗೊಳಗೇ ಖುಷಿಯಾಯಿತು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ತೇಜಸ್ವಿನಿಯ ಫೋನು ಬಂತು. "ಅಂಕಲ್, ಬೇಗ ಬನ್ನಿ!"

ಕದಿರಪ್ಪ ಓಡಿದ. ಪರದೆಯ ತುಂಬ ಹಸಿರು. ನಲವತ್ತೊಂದಕ್ಕೆ ನಲವತ್ತೊಂದು. ತೇಜಸ್ವಿನಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು, ಮೈಸೂರು ಪಾಕ್ ತರಿಸಿ ಹಂಚಿದಳು. ಎರಡು ವರ್ಷದಲ್ಲಿ ಅವಳು ಅಷ್ಟು ನಕ್ಕದ್ದನ್ನು ಕದಿರಪ್ಪ ನೋಡಿರಲಿಲ್ಲ. ಹನ್ನೆರಡು ಹೊಡೆಯಿತು, ಒಂದು ಹೊಡೆಯಿತು, ಊಟದ ಡಬ್ಬಿ ತೆರೆದದ್ದಾಯಿತು. ಹಳೇ ಫೋನಿನ ಲೈನಾದರೆ ಗಂಟು ಹಾಕುವವರೆಗೂ ಸತ್ತೇ ಬಿದ್ದಿರುತ್ತಿತ್ತು, ಅದೇ ಅವನಿಗೆ ನೆನಪು ಮಾಡುತ್ತಿತ್ತು. ಈ ಸ್ವಿಚ್‌ಗಳು ಸೇವ್ ಕೊಡದೆಯೇ ಹಸಿರಾಗಿ ನಗುತ್ತ ಕೂತಿದ್ದವು. ಲೈಬ್ರರಿಗೆ ಮತ್ತೆ ಹೋಗಬೇಕೆಂಬುದು ಅವನ ತಲೆಯಿಂದ ಪೂರ್ತಿ ಹಾರಿಹೋಯಿತು.

ಭಾನುವಾರ ಟ್ರಾನ್ಸ್‌ಫಾರ್ಮರ್ ರಿಪೇರಿಗೆಂದು ಇಡೀ ಕ್ಯಾಂಪಸ್ಸಿಗೆ ಐದು ಗಂಟೆ ಕರೆಂಟ್ ತೆಗೆದರು. ಯುಪಿಎಸ್‌ಗಳು ಕೈಲಾದಷ್ಟು ಹೊತ್ತು ತಡೆದು ಒಂದೊಂದೇ ಮಲಗಿದವು.

ಸೋಮವಾರ ಟೂಲ್ ಹಾಕಿದ ಹಳೇ ಕಂಪ್ಯೂಟರು ಏಳುವುದೇ ತಡವಾಯಿತು; ಹನ್ನೊಂದಕ್ಕೆ ಟ್ರಸ್ಟಿಗಳು ಬಂದಾಗ ಪರದೆಯ ಮೇಲೆ ಮೂವತ್ತನಾಲ್ಕು ಹಸಿರು, ಏಳು ಕೆಂಪು.

"ಏನಮ್ಮ ಇದು, ಎಲ್ಲಾ ಆಗಿದೆ ಅಂತ ರಿಪೋರ್ಟ್ ಕೊಟ್ಟಿದ್ರಲ್ಲ?" ಎಂದು ಒಬ್ಬ ಟ್ರಸ್ಟಿ ಕೇಳಿದರು. "ಇದಕ್ಕೇ ಹೊರಗಿನ ಕಂಪನಿ ಬೇಕು ಅನ್ನೋದು," ಎಂದು ಅವರು ಪ್ರಿನ್ಸಿಪಾಲರ ಕಡೆ ತಿರುಗಿದರು. ಪ್ರಿನ್ಸಿಪಾಲ್ ನರೇಂದ್ರ ಅವರು ಮುಖ ಸಣ್ಣದು ಮಾಡಿಕೊಂಡು, ನಾಳೆಯೊಳಗೆ ಬರವಣಿಗೆಯಲ್ಲಿ ಕಾರಣ ಕೊಡಿ ಎಂದು ಅವಳಿಗೆ ಹೇಳಿ ಹೊರಟರು.

ಅವರೆಲ್ಲ ಹೋದ ಮೇಲೆ ತೇಜಸ್ವಿನಿ ಮೆಲ್ಲಗೆ ಕೇಳಿದಳು. "ಅಂಕಲ್, ಲೈಬ್ರರೀಲಿ ಎಲ್ಲಾದಕ್ಕೂ ಸೇವ್ ಕೊಟ್ಟಿದ್ರಿ ಅಲ್ವಾ?"

"ಕೊಡ್ದೆ ಇರ್ತೀನಾ ಮೇಡಮ್?" ಎಂದ ಕದಿರಪ್ಪ, ಸ್ವಲ್ಪ ಬೇಜಾರು ಮಾಡಿಕೊಂಡೇ. ಬೇಕೆಂದು ಹೇಳಿದ ಸುಳ್ಳಲ್ಲ ಅದು. ಮೂವತ್ತನಾಲ್ಕು ಕಡೆ ಕೊಟ್ಟ ಕೈ, ಅಲ್ಲೂ ಕೊಟ್ಟಿರುತ್ತದೆಂದೇ ಅವನು ನಂಬಿದ್ದ.

ಲೈಬ್ರರಿ ಕಟ್ಟಡದಲ್ಲಿ ಅಂದು ಪರೀಕ್ಷೆ, ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ತೇಜಸ್ವಿನಿ ಅವನ ಮಾತು ನಂಬಿ ಬೇರೆ ಎಲ್ಲ ಕಡೆ ಹುಡುಕಿದಳು. ಟೂಲ್‌ನ ಪಟ್ಟಿ ತಿದ್ದಿದಳು, ಪದ ಮತ್ತೆ ಬರೆದಳು, ಏಳನ್ನೂ ಅಳಿಸಿ ಹೊಸದಾಗಿ ಸೇರಿಸಿದಳು. ಅವು ಕೆಂಪಾಗಿಯೇ ಇದ್ದವು.

ಮಂಗಳವಾರ ಪರೀಕ್ಷೆ ಮುಗಿದ ಮೇಲೆ, ಒಂದೂವರೆಗೆ, ಕದಿರಪ್ಪ ಲ್ಯಾಪ್‌ಟಾಪ್ ಹಿಡಿದು ಲೈಬ್ರರಿಗೆ ಹೋದ. ಮೊದಲ ಬೀರು ತೆಗೆದು ಕೇಬಲ್ ಸಿಕ್ಕಿಸಿ ನೋಡಿದರೆ ಅವನ ನಾಲ್ಕು ಸಾಲುಗಳೇ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯ ಬೀರಿನ ಬಾಗಿಲು ಹಿಡಿದು ನಿಂತಾಗ ಶುಕ್ರವಾರದ ಚಹಾ, ಮುನಿಆಂಜಿನಪ್ಪನ ಮಾತು, ಹನ್ನೆರಡಕ್ಕೆ ಐದು ನಿಮಿಷದ ಫೋನು, ಎಲ್ಲ ಒಟ್ಟಿಗೆ ನೆನಪಾದವು. ಅಲ್ಲೇ ಓದುವ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತ. ಆಮೇಲೆ ಎದ್ದು ಏಳರಲ್ಲೂ ಮತ್ತೆ ಟೈಪ್ ಮಾಡಿ, ಒಂದೊಂದಕ್ಕೂ ಎರಡೆರಡು ಸಲ ಸೇವ್ ಕೊಟ್ಟ.

ನೆಟ್‌ವರ್ಕ್ ಕೋಣೆಗೆ ಬಂದರೆ ತೇಜಸ್ವಿನಿಯ ಮುಖದಲ್ಲಿ ಸ್ವಲ್ಪ ಜೀವ ಬಂದಿತ್ತು.

"ಬಂತು ನೋಡಿ ಅಂಕಲ್! ಉತ್ತರಕ್ಕೆ ಕಾಯೋ ಟೈಮ್ ಈಗ ತಾನೆ ಜಾಸ್ತಿ ಮಾಡ್ದೆ, ಎಲ್ಲಾ ಹಸಿರಾಯ್ತು. ನನ್ನದೇ ತಪ್ಪಿತ್ತು ಅನ್ಸುತ್ತೆ. ಟೂಲ್ ಸೆಟ್ ಮಾಡೋದ್ರಲ್ಲಿ ತಪ್ಪಾಗಿದೆ ಅಂತ ಬೆಳಿಗ್ಗೆನೇ ಬರೆದು ಕೊಟ್ಬಿಟ್ಟೆ."

ಕದಿರಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಯಾರಿಗೂ ತಿಳಿಯುವ ಹಾಗಿರಲಿಲ್ಲ, ಅವಳಿಗೂ. ಐವತ್ತಮೂರು ವರ್ಷದ ಮನುಷ್ಯ, ರಾಹುಕಾಲ ಎಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹೇಳಿಕೊಂಡರೆ ನಾಳೆಯಿಂದ ಹುಡುಗರು ಅವನನ್ನು ಕಂಡಲ್ಲೆಲ್ಲ ಗಂಟೆ ಕೇಳುತ್ತಾರೆ. ಸ್ಟೋರಿನ ಹಳೇ ಬೆಂಚುಗಳೂ ಕಣ್ಣಮುಂದೆ ಬಂದವು. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ನಿಮ್ಮದಲ್ಲ ಮೇಡಮ್, ನನ್ನದು," ಎಂದ. ಒಂದೂ ಬಿಡದೆ ಎಲ್ಲ ಹೇಳಿದ.

ತೇಜಸ್ವಿನಿ ಪರದೆಯಿಂದ ಅವನ ಕಡೆ ತಿರುಗಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ನಾನ್ ಕೇಳ್ದಾಗ ಕೊಟ್ಟಿದೀನಿ ಅಂದ್ರಲ್ಲ ಅಂಕಲ್. ನೀವ್ ಹೇಳಿದ್ರಿ ಅಂತ ಅದೊಂದನ್ನ ಬಿಟ್ಟು ಎಲ್ಲಾ ಹುಡುಕ್ದೆ," ಎಂದಳು ಅಷ್ಟೆ. ಕದಿರಪ್ಪ ಅಲ್ಲಿ ನಿಲ್ಲಲಾರದೆ ಪ್ರಿನ್ಸಿಪಾಲರ ಕೋಣೆಯ ಕಡೆ ನಡೆದ.

ನರೇಂದ್ರ ಅವರು ಪೂರ್ತಿ ಕೇಳಿಸಿಕೊಂಡರು. ಶುಕ್ರವಾರ, ಹತ್ತೂವರೆ, ಹನ್ನೆರಡಾಗಲಿ ಎಂಬ ಮಾತುಗಳು ಬಂದಾಗ ಅವರ ಕೈ ಮೇಜಿನ ಮೇಲಿನ ಪೇಪರ್‌ವೆಯ್ಟನ್ನು ತಿರುಗಿಸುವುದು ನಿಲ್ಲಿಸಿತು.

"ಆ ಹುಡುಗಿ ಬರೆದು ಕೊಟ್ಟಿದ್ದು?"

"ಅವರಿಗೆ ಗೊತ್ತಿಲ್ದೆ ಬರೆದಿದ್ದು ಸಾರ್. ಅದನ್ನ ಹರಿದಾಕಿ. ನಾನ್ ಬೇರೆ ಬರೆದು ಕೊಡ್ತೀನಿ."

"ನಿಮಗೆ ಮೆಮೊ ಕೊಡ್ಬೇಕಾಗುತ್ತೆ ಕದಿರಪ್ಪ."

"ಕೊಡಿ ಸಾರ್."

ಪ್ರಿನ್ಸಿಪಾಲರು ಡ್ರಾಯರ್ ಎಳೆದು ಒಂದು ಫೈಲು ತೆಗೆದರು. ಅದರ ಮೇಲೆ ತೇಜಸ್ವಿನಿಯ ಹೆಸರಿತ್ತು. ಶುಕ್ರವಾರ ಹನ್ನೆರಡರ ನಂತರ ಯೂನಿವರ್ಸಿಟಿಯಿಂದ ಯಾರೋ ಬಂದು, ಆ ಗಡಿಬಿಡಿಯಲ್ಲಿ ಅದು ಡ್ರಾಯರಿಗೆ ಹೋದದ್ದು ಹಾಗೇ ಉಳಿದಿತ್ತು. ಅವತ್ತೇ ಸಹಿಯಾಗಿದ್ದರೆ ಸೋಮವಾರದ ಏಳು ಕೆಂಪು ಅವಳನ್ನು ಏನೂ ಮಾಡುತ್ತಿರಲಿಲ್ಲ. ಇದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ನರೇಂದ್ರ ಅವರು ಫೈಲು ಬಿಡಿಸಿ ಪೆನ್ನಿನ ಮುಚ್ಚಳ ತೆಗೆದರು. ಅಭ್ಯಾಸಬಲ, ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು. ಮೂರು ಇಪ್ಪತ್ತು. ಮಂಗಳವಾರ ರಾಹುಕಾಲ ಮೂರರಿಂದ ನಾಲ್ಕೂವರೆ. ಅವರು ಪೆನ್ನನ್ನು ಮೆಲ್ಲಗೆ ಕಾಗದದ ಪಕ್ಕದಲ್ಲಿಟ್ಟರು.

"ಸರಿ, ನೀವು ಹೋಗಿ. ಸಂಜೆ ಮಾಡ್ತೀನಿ."

ಇಪ್ಪತ್ತಾರು ವರ್ಷದಲ್ಲಿ ಪ್ರಿನ್ಸಿಪಾಲರಿಗೆ ಎದುರಾಡಿದವನಲ್ಲ ಕದಿರಪ್ಪ. ಬಾಗಿಲವರೆಗೆ ಹೋದವನು ವಾಪಸು ಬಂದ. ಕೈಮುಗಿದ.

"ಸಾರ್, ನಾನು ಹನ್ನೆರಡಾಗ್ಲಿ ಅಂತ ಬಿಟ್ಟೆ, ಇಷ್ಟೆಲ್ಲಾ ಆಯ್ತು. ನೀವು ನಾಲ್ಕೂವರೆ ಆಗ್ಲಿ ಅಂತ ಬಿಡ್ಬೇಡಿ. ಆ ಮಗು ಎರಡು ವರ್ಷದಿಂದ ಕಾಯ್ತಿದೆ."

ನರೇಂದ್ರ ಅವರು ಅವನನ್ನು ನೋಡಿದರು, ಗಡಿಯಾರವನ್ನು ಇನ್ನೊಮ್ಮೆ ನೋಡಿದರು. ಪೆನ್ನು ಎತ್ತಿಕೊಂಡು ಸಹಿ ಹಾಕಿ, ಕೆಳಗೆ ತಾರೀಖು ಬರೆದು, ಮುನಿಆಂಜಿನಪ್ಪನನ್ನು ಕರೆಯಲು ಗಂಟೆ ಒತ್ತಿದರು.

ಮೆಮೊ ಮಾರನೆಯ ದಿನ ಬಂತು. ತೇಜಸ್ವಿನಿಯೇ ಅದನ್ನು ತಂದು ಕೊಟ್ಟಳು, ತಾನೇ ಪೆನ್ನನ್ನೂ ಕೊಟ್ಟಳು. ಕದಿರಪ್ಪ ಹೊತ್ತು ಎಷ್ಟೆಂದು ಕೇಳದೆ ಸಹಿ ಹಾಕಿದ.