ನೀರು ಮುಟ್ಟಿಸಬಾರದ ಗಾಜು

ಅರಿಶಿನಕುಂಟೆಯ ಹೆದ್ದಾರಿ ಪಕ್ಕ ಮೂವತ್ತೊಂದು ವರ್ಷದಿಂದ ಕಾರಿನ ಗಾಜು ಬಿಚ್ಚಿ ಕೂರಿಸುವ ಆದಿನಾರಾಯಣಪ್ಪನಿಗೆ ಒಂದು ಚಾಳಿ. ಒರೆಸದೆ ಯಾವ ಗಾಜನ್ನೂ ಗಿರಾಕಿಯ ಕೈಗೆ ಕೊಟ್ಟವನಲ್ಲ. ಹೆಗಲ ಮೇಲೆ ಸದಾ ಹಳೇ ಪಂಚೆಯ ತುಂಡು. ಮದುವೆಮನೆಯಲ್ಲಿ ನೀರಿನ ಲೋಟ ಕೊಟ್ಟರೂ ಒರೆಸಿಯೇ ಕುಡಿಯುತ್ತಿದ್ದ. 'ಒಂದಿನ ನನ್ ಮುಖಾನೂ ಒರೆಸ್ಬಿಡ್ತೀಯ' ಎಂದು ಹೆಂಡತಿ ಮುನಿಗಂಗಮ್ಮ ಆಡಿಕೊಳ್ಳುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕೈಗೆ ಹತ್ತಿದ ರೂಢಿ ಅದಕ್ಕಿಂತ ಕೆಟ್ಟದ್ದು.

ಮೊನ್ನೆ ಬೆಳಗ್ಗೆ ವಸಂತ್ ಎಂಬ ಫ್ಯಾಕ್ಟರಿ ಕೆಲಸದವನು ಬಂದ. ಕಣ್ಣಿಂದ ನೋಡಲಾರದೆ ಅವನೇ ಮಾರಿದ್ದ ಹಳೇ ಮಾರುತಿ ಕಾರು ಪಕ್ಕದ ಗುಜರಿಯಲ್ಲಿ ನಿಂತಿತ್ತು. ಮಧ್ಯಾಹ್ನ ಅದನ್ನು ಕತ್ತರಿಸುವವರಿದ್ದರು.

"ಹಿಂದಿನ ಗಾಜು ಒಡೀದಂಗೆ ಬಿಚ್ಕೊಡಿ ಅಣ್ಣ. ಜ್ವರ ಅಂತ ಆಸ್ಪತ್ರೆಗೆ ಕರ್ಕೊಂಡೋಗ್ವಾಗ ನನ್ ಮಗಳು ಒಳಗಡೆ ಧೂಳಲ್ಲಿ ಬೆರಳಿಂದ ಹೆಸರು ಬರ್ದವ್ಳೆ. ಮಗು ವಾಪಸ್ ಬರ್ಲಿಲ್ಲ. ಅದ್ರ ಫೋಟೊ ಐತೆ, ಆದ್ರೆ ಅವರಮ್ಮ ಗಾಜೇ ಬೇಕು ಅಂತವ್ಳೆ. ನೀರು ಮಾತ್ರ ಮುಟ್ಟಿಸ್ಬೇಡಿ."

ಆದಿನಾರಾಯಣಪ್ಪ ಬಗ್ಗಿ ನೋಡಿದ. ಸಿಂಚನ. ಕೊನೆಯ ಅಕ್ಷರ ಜಾರಿ ಕೆಳಗಿಳಿದಿತ್ತು.

"ಆಯ್ತಪ್ಪಾ. ಹಂಗೇ ತೆಗೆದ್ಕೊಡ್ತೀನಿ."

ಬೇರೆ ದಿನವಾದರೆ ಸುತ್ತಲಿನ ರಬ್ಬರಿಗೆ ಸೋಪಿನ ನೀರು ಬಿಟ್ಟು, ಒಳಗಿಂದ ಒದ್ದು ಜಾರಿಸುತ್ತಿದ್ದ. ಅವತ್ತು ನೀರಿಲ್ಲ. ರಬ್ಬರು ಬಿಸಿಲಿಗೆ ಒಣಗಿ ಸೌದೆಯಂತಾಗಿತ್ತು. ಹೊರಗಿನ ಅಂಚನ್ನು ಬ್ಲೇಡಿನಿಂದ ಎಳೆ ಎಳೆಯಾಗಿ ಕೊಯ್ದ. ಬ್ಲೇಡಿನ ತುದಿ ಗಾಜಿನ ಅಂಚಿಗೆ ಜೋರಾಗಿ ತಗುಲಿದರೆ ಇಡೀ ಗಾಜು ಕಲ್ಲುಸಕ್ಕರೆಯಂತೆ ಪುಡಿಯಾಗಿ ಉದುರುತ್ತದೆ. ಎರಡು ತಾಸು ಹಿಡಿಯಿತು. ಕೊನೆಗೆ ಒಳಗೆ ಮಂಡಿಯೂರಿ, ಅಕ್ಷರಗಳಿಗೆ ಉಸಿರೂ ತಾಗದಂತೆ ಮುಖ ತಿರುಗಿಸಿಕೊಂಡು, ಮೇಲಿನ ಎರಡು ಮೂಲೆಗಳನ್ನು ಅಂಗೈಯಿಂದ ಒತ್ತಿದ. ಹೊರಗೆ ವಸಂತ್ ಕೈಯೊಡ್ಡಿ ನಿಂತಿದ್ದ. ಗಾಜು ಇಡಿಯಾಗಿ ಅವನ ಕೈಗೆ ಬಂತು. ಇಬ್ಬರೂ ಸೇರಿ ಅದನ್ನು ಗೋಣಿಚೀಲದ ಮೇಲೆ, ಬರಹ ಮೇಲೆ ಬರುವಂತೆ ಮಲಗಿಸಿದರು.

ಆದಿನಾರಾಯಣಪ್ಪನಿಗೆ ಜೀವ ಬಂದಂತಾಯಿತು. "ನೋಡಪ್ಪಾ, ಒಂದು ಗೀರಿಲ್ಲ" ಎಂದ. ಎನ್ನುತ್ತಲೇ ಹೆಗಲ ಬಟ್ಟೆ ಎಳೆದು, ಮೂವತ್ತೊಂದು ವರ್ಷದಿಂದ ಮಾಡಿದಂತೆ, ಆ ತುದಿಯಿಂದ ಈ ತುದಿಗೆ ಒರೆಸಿದ.

ಕೈ ನಿಂತಾಗ ಗಾಜಿನಲ್ಲಿ ಆಕಾಶ ಕಾಣುತ್ತಿತ್ತು.

ಅವನಿಗೆ ಗಾಜು ಒಡೆದೇ ಹೋಗಿದ್ದರೆ ಚೆನ್ನಾಗಿತ್ತು, ಈ ಕೈ ಮುರಿದಿದ್ದರೆ ಇನ್ನೂ ಚೆನ್ನಾಗಿತ್ತು ಅನ್ನಿಸಿತು. ವಸಂತ್ ಕೂಗಾಡಲಿಲ್ಲ. ಕೈ ಚಾಚಿದ.

"ಆ ಬಟ್ಟೆ ಕೊಡಿ ಅಣ್ಣ" ಎಂದ.

ಧೂಳು ಉದುರದಂತೆ ಅದನ್ನು ಒಳಮಡಿಕೆ ಮಾಡಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ ಸ್ಟಾಪಿನ ಕಡೆ ನಡೆದ. ಗಾಜು ಗೋಣಿಚೀಲದ ಮೇಲೇ ಉಳಿಯಿತು.