ಬಾಗಿಲ ಬಳಿಯ ಬಳೆಸದ್ದು

ಬ್ರೂಕ್‌ಫೀಲ್ಡ್‌ನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ, ಕತ್ತು ವಾರೆ ಮಾಡಿ ಏನನ್ನೋ ಆಲಿಸುತ್ತಲೇ ಇರುವಳು. ಕಂಪ್ಯೂಟರ್ ಚಿಪ್‌ಗಳ ಗುಟ್ಟು ಎಲ್ಲಿ ಸೋರುತ್ತದೆಂದು ಹುಡುಕುವುದು ಅವಳ ಕೆಲಸ. "ಬೀಗ ಮುರಿಯೋದೇ ಬೇಡ ಆಂಟಿ. ಚಿಪ್ ಎಷ್ಟು ಹೊತ್ತು ತಗೊಳ್ತು, ಎಷ್ಟು ಕರೆಂಟ್ ಎಳೀತು, ಅದೇ ಎಲ್ಲಾ ಹೇಳ್ಬಿಡುತ್ತೆ. ಲೀಕ್ ಆಗ್ತಿದೆ ನೋಡಿ" ಎನ್ನುವಳು. ನಲ್ಲಿ ತೊಟ್ಟಿಕ್ಕಿದರೂ ಅದೇ ಮಾತು.

ನಮ್ಮ ಬಾಗಿಲಿಗೆ ನಂಬರ್ ಲಾಕ್. ಕಾನ್ವೆಂಟಿನ ಪಿಯಾನೋದ ಹಾಗೆ ಗುಂಡಿಗೊಂದು ಸ್ವರ. ಒಂದು ಸಂಜೆ ಅದನ್ನು ಒತ್ತುತ್ತಿದ್ದಾಗ ಮೆಟ್ಟಿಲ ಮೇಲಿಂದ ಮೆಲ್ಲಗೆ ಕೇಳಿದಳು, "ಆಂಟಿ, ಕೊನೇ ನಂಬರ್‌ಗೆ ಮುಂಚೆ ನಿಲ್ತೀರ. ದಿನಾ ಇನ್ನೂ ಲೇಟ್ ಆಗ್ತಿದೆ. ಮರೀತಿದೀರಾ?"

ಮಗಳಿಗೂ ಹೇಳದ ಸೀಕ್ರೆಟ್ ಅದು. "ನಾನ್‌ಸೆನ್ಸ್! ಬೆರಳು ನೋವು ಕಣೇ" ಎಂದೆ.

"ಡಾಕ್ಟರ್ ಹತ್ರ ನಾನೂ ಬರ್ತೀನಿ" ಎಂದಳು, ಅಷ್ಟೇ.

ಆಮೇಲೆ ಗುಂಡಿಗಳ ಮೇಲೆ ನನ್ನ ಕೈ ತಡವರಿಸಿದಾಗಲೆಲ್ಲ ಮಹಡಿಯ ಕಂಬಿಯ ಮೇಲೆ ಅವಳ ಬಳೆ ಟಿಣ್ ಟಿಣ್ ಎನ್ನುತ್ತಿತ್ತು, ಸರಿಯಾಗಿ ಆ ಕೊನೆಯ ಅಂಕಿಯಷ್ಟು ಸಲ. ಅಂಕಿಯನ್ನು ನಾನೆಂದೂ ಹೇಳಿರಲಿಲ್ಲ; ಗುಂಡಿಯ ಸ್ವರವೇ ಹೇಳಿರಬೇಕು.

"ಏಯ್, ಲೀಕ್ ಆಗ್ತಿದೆಯಲ್ಲೇ!"

"ಆಗ್ಲಿ ಬಿಡಿ ಆಂಟಿ."

ಮುಂದೊಂದು ದಿನ ಅವಳು ಮನೆ ಖಾಲಿ ಮಾಡಿ ಹೋದಳು. ಈಗಲೂ ಕೈ ತಡವರಿಸಿದಾಗ ಕತ್ತು ವಾರೆ ಮಾಡಿ, ಮಹಡಿಯತ್ತ ಆಲಿಸುತ್ತಾ ನಿಲ್ಲುತ್ತೇನೆ.