ಜಲಜಮ್ಮನ ಕಡುಬೂ ತುಂಗಾ ಕ್ಲಬ್ಬೂ

ತೀರ್ಥಹಳ್ಳಿಯ ಫುಟ್‌ಬಾಲ್ ಮೈದಾನದ ಅಂಚಿನಲ್ಲಿದ್ದ ಹೋಟೆಲಿಗೆ ಬೋರ್ಡೇ ಇರಲಿಲ್ಲ. ಊರಿಗೆಲ್ಲ ಅದು ಜಲಜಮ್ಮನ ಹೋಟೆಲು. ಗಲ್ಲಾದಲ್ಲಿ ಕೂರುತ್ತಿದ್ದವನು ಗಂಡ ದುಗ್ಗಪ್ಪ. ಆದರೂ ಅದನ್ನು ದುಗ್ಗಪ್ಪನ ಹೋಟೆಲು ಎಂದು ಯಾರೂ ಕರೆದದ್ದಿಲ್ಲ, ಸ್ವತಃ ದುಗ್ಗಪ್ಪನೂ ಕರೆದದ್ದಿಲ್ಲ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಗೋಲುಕಂಬ. ಮೇಳಿಗೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ, ಹೊಗೆ ಹೊರಗೆ ಹೋಗಲಿ ಎಂದು ಜಲಜಮ್ಮ ಆ ಕಿಟಕಿ ತೆರೆದಿದ್ದಳು. ಹೊರಗೆ ಆಟ ನಡೆಯುತ್ತಿತ್ತು. ಆಮೇಲೆ ಆ ಕಿಟಕಿಯನ್ನು ಮುಚ್ಚಲೇ ಇಲ್ಲ.

ಈಗ ನಲವತ್ತು ದಾಟಿದ ಜಲಜಮ್ಮನಿಗೆ ತುಂಗಾ ಕ್ಲಬ್ ಎಂದರೆ ಪ್ರಾಣ. ಸೌಟು ಹಿಡಿದು ಕಿಟಕಿಯಲ್ಲಿ ನಿಂತಳೆಂದರೆ ಆಟಗಾರರಿಗಿಂತ ಹೆಚ್ಚು ಬೆವರುತ್ತಿದ್ದಳು. ಕ್ಲಬ್ಬು ಜಿಲ್ಲಾ ಲೀಗಿನ ಎರಡನೇ ದರ್ಜೆಯಲ್ಲಿತ್ತು. ಆ ದರ್ಜೆಯಲ್ಲಿ ಮೊದಲು ಬಂದವರು ಮರುವರ್ಷ ಮೇಲಿನ ದರ್ಜೆಗೆ ಹೋಗುತ್ತಾರೆ, ಶಿವಮೊಗ್ಗದ ದೊಡ್ಡ ತಂಡಗಳು ಅವರ ಊರಿಗೇ ಬಂದು ಆಡುತ್ತವೆ. ಜಲಜಮ್ಮನ ಆಸೆ ಇಷ್ಟೇ.

"ಸಾಯೋದ್ರೊಳಗೆ ಒಂದ್ಸಲ ಆ ದೊಡ್ಡ ತಂಡಗಳನ್ನ ಈ ಕಿಟಕೀಲಿ ನೋಡ್ಬೇಕು ಕಣ್ರೀ."

"ಹಂಗಾದ್ರೆ ನಿಂಗೆ ದೀರ್ಘಾಯುಷ್ಯ ಬಿಡು," ಎನ್ನುತ್ತಿದ್ದ ದುಗ್ಗಪ್ಪ.

ಅವನು ಹಾಗೆನ್ನುವುದಕ್ಕೆ ಕಾರಣವಿತ್ತು. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಎಂಬ ಗಾದೆ ಈ ಕ್ಲಬ್ಬಿನ ಮಟ್ಟಿಗೆ ತಿರುಗುಮುರುಗಾಗಿತ್ತು. ಹೊಸನಗರಕ್ಕೆ ಹೋದರೆ ಗೆಲುವು, ಭದ್ರಾವತಿಗೆ ಹೋದರೂ ಗೆಲುವು. ಸ್ವಂತ ಮೈದಾನಕ್ಕಿಳಿದರೆ ಮಾತ್ರ ಹನ್ನೊಂದು ಜನವೂ ಗದ್ದೆ ಕೆಸರಿನಲ್ಲಿ ನಡೆಯುವವರ ಹಾಗೆ ಕಾಲೆಳೆಯುತ್ತಿದ್ದರು. ಎರಡು ವರ್ಷ ಹೀಗೆಯೇ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇದಕ್ಕೆ ಜಲಜಮ್ಮ ಹುಡುಕದ ಕಾರಣವಿಲ್ಲ. ಮೊದಲು ಮೈದಾನ ಓರೆಯಾಗಿದೆ ಎಂದಳು. ಎದುರಾಳಿಗಳೂ ಅದೇ ಓರೆಯಲ್ಲಿ ಆಡುತ್ತಾರಲ್ಲ ಎಂದು ದುಗ್ಗಪ್ಪ ಕೇಳಿದ್ದಕ್ಕೆ ಒಂದು ದಿನ ಮಾತು ಬಿಟ್ಟಳು. ಆಮೇಲೆ ದೃಷ್ಟಿ ಎಂದು ಗೋಲುಕಂಬಕ್ಕೆ ನಿಂಬೆಹಣ್ಣು ಕಟ್ಟಿಸಿದಳು. ಆ ದಿನ ಚೆಂಡು ಕಂಬಕ್ಕೆ ಬಡಿದು ನಿಂಬೆಹಣ್ಣಿನ ರಸ ಗೋಲು ಕಾಯುವ ಮಾಸ್ತಪ್ಪನ ಕಣ್ಣಿಗೇ ಹಾರಿತು. ಕೊನೆಗೆ ಸಿಗಂದೂರಿನ ಚೌಡಮ್ಮನಿಗೆ ಹರಕೆ ಹೊತ್ತಳು. ಆದರೆ ಒಂದು ಕಡೆ ಮಾತ್ರ ಹುಡುಕಿರಲಿಲ್ಲ. ಅದು ಅವಳ ಒಲೆಯ ಮೇಲೇ ಇತ್ತು.

ಊರಿನಲ್ಲಿ ಆಟವಿದ್ದ ದಿನ ಮಧ್ಯಾಹ್ನ ತಂಡಕ್ಕೆಲ್ಲ ಜಲಜಮ್ಮನದೇ ಊಟ. ಬಿಸಿಬಿಸಿ ಅಕ್ಕಿ ಕಡುಬು, ಮೇಲೆ ಕೋಳಿ ಸಾರು. ಬರೀ ಊಟವಾಗಿದ್ದರೆ ಚಿಂತೆಯಿರಲಿಲ್ಲ, ಅದರ ಜೊತೆಗೆ ಉಪಚಾರವೂ ಇತ್ತು. ಸಾಕು ಎಂದವರ ಎಲೆಗೆ ಇನ್ನೆರಡು ಕಡುಬು, ಬೇಡವೇ ಬೇಡ ಎಂದು ಕೈ ಅಡ್ಡ ಹಿಡಿದವರ ಎಲೆಗೆ ಬೆರಳ ಸಂದಿಯಿಂದ ಸಾರು. ನಮ್ಮ ಕಡೆ ಬಡಿಸುವವರು ಒತ್ತಾಯ ಮಾಡದಿದ್ದರೆ ಅದು ಊಟವೇ ಅಲ್ಲ. ಒತ್ತಾಯಕ್ಕೆ ಬಾಗದವನನ್ನು ಮರ್ಯಾದಸ್ಥ ಎನ್ನುವುದೂ ಇಲ್ಲ. ಬಸ್ ಸ್ಟ್ಯಾಂಡಿನ ಏಜೆಂಟನೂ ತಂಡದ ನಾಯಕನೂ ಆದ ಚಂದ್ರಯ್ಯ, ನಾಟಾ ಡಿಪೋದಲ್ಲಿ ದಿಮ್ಮಿ ಹೊರುವ ಮಾಸ್ತಪ್ಪ, ಎಲ್ಲರೂ ತಲೆ ತಗ್ಗಿಸಿ ಎಲೆ ಖಾಲಿ ಮಾಡಿ, ಸೊಂಟದ ದಾರ ಸಡಿಲಿಸಿಕೊಂಡು ಮೈದಾನಕ್ಕಿಳಿಯುತ್ತಿದ್ದರು.

ಸೊಸೈಟಿ ಗುಮಾಸ್ತ ಹೇರಂಬ ಒಬ್ಬ ಇದರಿಂದ ಹೊರಗಿದ್ದ. ಅಡಿಕೆ ತೋಟದ ಭಟ್ಟರ ಮನೆಯವನಾದ್ದರಿಂದ ಅವನು ಜಗಲಿಯಲ್ಲಿ ಕೂತು ಎರಡು ಬಾಳೆಹಣ್ಣು ತಿನ್ನುತ್ತಿದ್ದ. "ನಂಗೆ ಎಂತದೂ ಬೇಡ, ಇಷ್ಟು ಸಾಕು," ಎನ್ನುತ್ತಿದ್ದ. ಊರಿನ ಮೈದಾನದಲ್ಲಿ ಗೋಲು ಹೊಡೆಯುತ್ತಿದ್ದವನೂ ಅವನೊಬ್ಬನೇ. ಪಾಪ, ಖಾಲಿ ಹೊಟ್ಟೆಯಲ್ಲೇ ಇಷ್ಟು ಆಡುತ್ತಾನೆ, ಕಡುಬು ತಿಂದಿದ್ದರೆ ಇನ್ನೆಷ್ಟು ಆಡುತ್ತಿದ್ದನೋ ಎಂದು ಜಲಜಮ್ಮ ಮರುಗುತ್ತಿದ್ದಳು.

ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮರುವರ್ಷ ಕ್ಲಬ್ಬು ಮೂರನೇ ಸಲ ಮೇಲಕ್ಕೆ ಹತ್ತುವ ಆಸೆ ಹುಟ್ಟಿಸಿತು. ಅಣೆಕಟ್ಟೆ ಕೆಲಸಕ್ಕೆ ಬಂದು ಅಲ್ಲೇ ಉಳಿದವರು ಕಟ್ಟಿದ ಸಾಗರದ ತಂಡದ ಮೇಲೆ ಆಟವಿತ್ತು. ಸಾಗರದಲ್ಲಿ ತಂಗಿ ಸರೋಜಳ ಮನೆ ಇದೆ ಎಂಬ ನೆವ ಹೇಳಿ ಜಲಜಮ್ಮ ತಂಡದ ಜೊತೆ ಬಸ್ಸು ಹತ್ತಿದಳು. ಹೊರಗಿನ ಊರಿನಲ್ಲಿ ತನ್ನ ತಂಡ ಆಡುವುದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಇಳಿದವರೇ ಬಸ್ ಸ್ಟ್ಯಾಂಡಿನಲ್ಲಿ ಒಂದೊಂದು ಪ್ಲೇಟು ಅವಲಕ್ಕಿ ತಿಂದು ಚಾ ಕುಡಿದರು. ಅಷ್ಟಕ್ಕೇ ಎದ್ದದ್ದನ್ನು ನೋಡಿ ಅವಳಿಗೆ ಕಣ್ಣೀರೇ ಬಂತು.

ಆದರೆ ಮೈದಾನದಲ್ಲಿ ಅವಳು ಕಂಡದ್ದೇ ಬೇರೆ. ಊರಿನಲ್ಲಿ ಬಗ್ಗಲಾರದ ಮಾಸ್ತಪ್ಪ ಗಾಳಿಯಲ್ಲಿ ಅಡ್ಡಡ್ಡ ಹಾರಿ ಚೆಂಡು ಹಿಡಿದ. ಚಂದ್ರಯ್ಯ ಹೊರಡುವ ಬಸ್ಸಿನ ಹಿಂದೆ ಓಡುವ ಹಾಗೆ ಕೊನೆಯವರೆಗೂ ಓಡಿದ. ತುಂಗಾ ಕ್ಲಬ್ ಸುಲಭವಾಗಿ ಗೆದ್ದಿತು. "ನಿನ್ನ ತಂಡದಲ್ಲಿ ಎಲ್ಲರೂ ಆ ಹೇರಂಬನ ಹಂಗೇ ಆಡ್ತಾರಲ್ಲೇ ಅಕ್ಕ," ಎಂದಳು ಪಕ್ಕದಲ್ಲಿ ಕೂತು ನೋಡುತ್ತಿದ್ದ ಸರೋಜ. ಅಕ್ಕ ಬಂದಾಗಲೆಲ್ಲ ಹೇರಂಬನನ್ನು ಹೊಗಳುವುದು ಕೇಳಿ ಅವಳಿಗೆ ಅವನ ಹೆಸರು ಗೊತ್ತಿತ್ತು.

ಮರಳುವ ಬಸ್ಸಿನಲ್ಲಿ ಹಿಂದಿನಿಂದ ಹಾಡು, ಚಪ್ಪಾಳೆ. ಮುಂದಿನ ಸೀಟಿನಲ್ಲಿ ಜಲಜಮ್ಮ ತಂಗಿಯ ಮಾತನ್ನೇ ತಿರುವಿ ಹಾಕುತ್ತಿದ್ದಳು. ಊರಿನಲ್ಲಿ ಹೇರಂಬ ಮಾಡುವಂಥದ್ದು, ಉಳಿದವರು ಮಾಡದಿರುವಂಥದ್ದು ಏನಿದೆ? ಏನೂ ಇಲ್ಲ. ಉಳಿದವರು ಮಾಡುವ ಒಂದನ್ನು ಅವನು ಮಾಡುವುದಿಲ್ಲ. ಬಸ್ಸು ಹೊಸನಗರ ಮುಟ್ಟುವ ಹೊತ್ತಿಗೆ ಅದೇನೆಂದು ಹೊಳೆಯಿತು. ಎದೆಗೆ ಒನಕೆಯಲ್ಲಿ ಕುಟ್ಟಿದ ಹಾಗಾಯಿತು. ಕ್ಲಬ್ಬನ್ನು ಎರಡು ವರ್ಷ ಕೆಳಗೆ ಹಿಡಿದದ್ದು ದೃಷ್ಟಿಯೂ ಅಲ್ಲ, ಓರೆಯೂ ಅಲ್ಲ, ತನ್ನದೇ ಕೈ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು.

ಕೊನೆಯ ಆಟ ಊರಿನಲ್ಲೇ, ಭದ್ರಾವತಿಯ ತಂಡದ ಮೇಲೆ. ಗೆದ್ದರೆ ತುಂಗಾ ಕ್ಲಬ್ ಮೇಲಕ್ಕೆ, ಸಮವಾದರೂ ಭದ್ರಾವತಿ ಮೇಲಕ್ಕೆ. ಹಿಂದಿನ ದಿನ ಜಲಜಮ್ಮ ಎಲ್ಲರನ್ನೂ ಕರೆಸಿದಳು.

"ನಾಳೆ ಆಟ ಮುಗಿಯೋ ತನಕ ಯಾರೂ ಹೋಟ್ಲಿಗೆ ಕಾಲಿಡೋ ಹಂಗಿಲ್ಲ. ಊಟ ಏನಿದ್ರೂ ಆಮೇಲೆ."

ಮಾಸ್ತಪ್ಪನ ಮುಖ ಸಣ್ಣದಾಯಿತು. "ನಮ್ಮಿಂದ ಎಂತಾದ್ರೂ ತಪ್ಪಾಯ್ತಾ ಅಕ್ಕ?"

"ತಪ್ಪೂ ಇಲ್ಲ ಒಪ್ಪೂ ಇಲ್ಲ. ಹೇಳಿದಷ್ಟು ಕೇಳಿ," ಎಂದು ಒಳಗೆ ಹೋದಳು. ಕಾರಣ ಹೇಳಲು ನಾಲಿಗೆ ಬರಲಿಲ್ಲ.

ಮರುದಿನ ಸಂಜೆಯ ಊಟಕ್ಕೆಂದು ಮಧ್ಯಾಹ್ನವೇ ಕಡುಬು ಬೇಯಿಸಿ, ಸಾರು ಕುದಿಸಿ ಇಟ್ಟಳು. ಅಷ್ಟರಲ್ಲಿ ಭದ್ರಾವತಿಯ ತಂಡ ಬಾಗಿಲಿಗೆ ಬಂತು. ಮಂಡಗದ್ದೆ ಹತ್ತಿರ ಬಸ್ಸು ಕೆಟ್ಟು, ಬೆಳಗಿನಿಂದ ನೀರು ಬಿಟ್ಟರೆ ಏನೂ ಕಂಡಿರಲಿಲ್ಲವಂತೆ. "ಅಮ್ಮಾ, ತಿನ್ನಕ್ಕೆ ಏನಾದ್ರೂ ಇದ್ಯಾ?" ಎಂದು ಅವರ ನಾಯಕ ಕೇಳಿದ.

"ಅವ್ರು ನಮ್ಮ ಎದುರಾಳಿಗಳು ಕಣೇ," ಎಂದು ದುಗ್ಗಪ್ಪ ಪಿಸುಗುಟ್ಟಿದ.

"ಹಸ್ಕೊಂಡು ಬಂದವ್ರು ಯಾವ ತಂಡ ಅಂತ ಕೇಳ್ತಾರಾ ಯಾರಾದ್ರೂ? ಎಲೆ ಹಾಕಿ."

ಮೊದಲ ಸುತ್ತು ಬಡಿಸಿದ್ದು ನಿಜವಾಗಿ ಕನಿಕರದಿಂದ. ಎರಡನೆಯ ಸುತ್ತು ನಮ್ಮ ಕಡೆಯ ಪದ್ಧತಿ. ಮೂರನೆಯ ಸುತ್ತಿನಲ್ಲಿ ಅವಳ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಸಿಗಂದೂರಿನ ಚೌಡಮ್ಮನನ್ನೇ ಕೇಳಬೇಕು. "ದೂರದಿಂದ ಬಂದೀರಿ, ನಾಚ್ಕೋಬೇಡಿ," ಎನ್ನುತ್ತ ಅಡ್ಡ ಹಿಡಿದ ಕೈಗಳ ಮೇಲೆಯೇ ಬಡಿಸಿದಳು. ಇಷ್ಟು ವರ್ಷ ಗಲ್ಲಾ ಬಿಟ್ಟೇಳದ ದುಗ್ಗಪ್ಪನೂ ಅವಳ ಹಿಂದೆ ಸಾರಿನ ಪಾತ್ರೆ ಹಿಡಿದು ನಡೆದ. ಭದ್ರಾವತಿಯವರು ಕೈಮುಗಿದು ನಿಧಾನವಾಗಿ ಮೈದಾನಕ್ಕೆ ಹೋದರು.

ಆದರೂ ಅವರು ಸುಮ್ಮನೆ ಸೋಲುವವರಲ್ಲ. ಮೊದಲ ಗೋಲು ಅವರದೇ. ಆದರೆ ವಿರಾಮದ ನಂತರ ಅವರು ಒಬ್ಬೊಬ್ಬರಾಗಿ ಸೊಂಟಕ್ಕೆ ಕೈಕೊಟ್ಟು ನಿಲ್ಲತೊಡಗಿದರು. ಹೇರಂಬ ಒಂದು ಗೋಲು ಹೊಡೆದ. ಆಟ ಇನ್ನೇನು ಮುಗಿಯಬೇಕು ಎನ್ನುವಾಗ ಚಂದ್ರಯ್ಯ ಇನ್ನೊಂದು ಹೊಡೆದ. ಸೀಟಿ ಊದಿದಾಗ ಜಲಜಮ್ಮ ಕಿಟಕಿಯ ಸರಳು ಹಿಡಿದು ಅಳುತ್ತಿದ್ದಳು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ, ಅದನ್ನು ಅವಳು ದುಗ್ಗಪ್ಪನೆದುರೇ ಹೇಳಿದಳು.

ಗೆದ್ದವರು ಕೇಕೆ ಹಾಕುತ್ತ ಬಂದು ಸಾಲಾಗಿ ಕೂತರು. ಆಗ ಅವಳಿಗೆ ಪಾತ್ರೆಯ ನೆನಪಾಯಿತು. ಅದರಲ್ಲಿ ಒಂದು ಕಡುಬೂ ಉಳಿದಿರಲಿಲ್ಲ. ಅಕ್ಕಿ ತೊಳೆದು ಒಲೆಗೆ ಹಾಕಿ, ಬೆಂದ ಕೂಡಲೇ ಗಂಜಿ, ಮಿಡಿ ಉಪ್ಪಿನಕಾಯಿ ಬಡಿಸಿದಳು. ಹೇರಂಬನೂ ಆ ದಿನ ಜಗಲಿಯಿಂದ ಒಳಗೆ ಬಂದು, "ಎಂತಕ್ಕೂ ನಮ್ಮನೇಲಿ ಹೇಳ್ಬೇಡಿ," ಎನ್ನುತ್ತ ಮಾಸ್ತಪ್ಪನ ಪಕ್ಕ ಕೂತ.

"ಸೋತವ್ರಿಗೆ ಕಡುಬು, ಗೆದ್ದವ್ರಿಗೆ ಗಂಜಿ," ಎಂದಳು ಜಲಜಮ್ಮ. ಧ್ವನಿ ತಗ್ಗಿತು. "ನಂಗೆ ಮೊದಲೇ ತಿಳಿದಿದ್ರೆ ನೀವು ಯಾವಾಗ್ಲೋ ಮೇಲೆ ಹೋಗ್ತಿದ್ರಿ. ಎಲ್ಲಾ ನನ್ನ ಕಡುಬಿಂದ್ಲೇ ಆಗಿದ್ದು."

ಚಂದ್ರಯ್ಯ ತಲೆ ಎತ್ತದೆ ಮೆಲ್ಲಗೆ, "ನಮಗೆ ಗೊತ್ತಿತ್ತು ಅಕ್ಕ," ಎಂದ.

"ಎಂತ ಗೊತ್ತಿತ್ತು?"

"ಕಡುಬಿನ ವಿಷಯ. ಮೊದಲ್ನೇ ವರ್ಷದಿಂದ್ಲೇ."

"ಗೊತ್ತಿದ್ದೂ ಬಾಯಿ ಮುಚ್ಕಂಡು ಸೋತ್ರಾ?"

"ಹೇಳಿದ್ರೆ ನೀವು ಬಡ್ಸೋದು ನಿಲ್ಲಿಸ್ತಿದ್ರಿ," ಎಂದ ಮಾಸ್ತಪ್ಪ, ತಟ್ಟೆ ನೋಡುತ್ತ.

ಜಲಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ಮಷ್ಟು ಬುದ್ಧಿಯಿಲ್ದವ್ರನ್ನ ನಾನು ಎಲ್ಲೂ ನೋಡಿಲ್ಲ," ಎಂದು ಬೈದು, ಮಾಸ್ತಪ್ಪನ ತಟ್ಟೆಗೆ ಇನ್ನೊಂದು ಸೌಟು ಗಂಜಿ ಹಾಕಿದಳು. ಅವನು ಕೈ ಅಡ್ಡ ಹಿಡಿಯಲಿಲ್ಲ. ಆ ಸಂಜೆ ಯಾರೂ ಸಾಕು ಎನ್ನಲಿಲ್ಲ. ಗಂಜಿಯೂ ಮುಗಿದಾಗ ದುಗ್ಗಪ್ಪ ತಾನೇ ಎದ್ದು ಹೋಗಿ ಒಲೆಯ ಮೇಲೆ ಮತ್ತೆ ಎಸರಿಟ್ಟ.